ಮುಳ್ಳು ಅಲ್ಲಾಡದ ಬುಲೆಟ್

ನಮ್ಮ ಬುಲೆಟ್ಟಿಗೆ ಇಪ್ಪತ್ತು ನಿಮಿಷದ ಕಾಯಿಲೆ ಹಿಡಿದಿತ್ತು. ಬೆಳಿಗ್ಗೆ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು, ಡುಗು ಡುಗು ಅಂತ ಚೆನ್ನಾಗಿಯೇ ಓಡುತ್ತಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಮೊದಲು ಸಣ್ಣ ತಡವರಿಕೆ. ಆಮೇಲೆ ಸೈಲೆನ್ಸರಿನಲ್ಲಿ ‘ಫಟ್’ ಅಂತ ಒಂದು ಸದ್ದು. ಅಷ್ಟೇ, ನಿಂತುಬಿಡುತ್ತಿತ್ತು. ರಸ್ತೆ ಬದಿಗೆ ತಳ್ಳಿ ಅರ್ಧ ಗಂಟೆ ಸುಮ್ನೆ ಬಿಟ್ಟರೆ, ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ ಮತ್ತೆ ಸ್ಟಾರ್ಟ್. ಮತ್ತೆ ಇಪ್ಪತ್ತು ನಿಮಿಷ.

ಗಾಡಿ 1994ರದ್ದು. ಬುಲೆಟ್ 350, ಎರಕದ ಕಬ್ಬಿಣದ ಸಿಲಿಂಡರಿನ ಹಳೇ ಇಂಜಿನ್. 70 ಮಿಮೀ ಬೋರ್, 90 ಮಿಮೀ ಸ್ಟ್ರೋಕ್, ಒಟ್ಟು 346 ಸಿಸಿ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಅಪ್ಪ ಹೊಸದಾಗಿ ಕೊಂಡಿದ್ದು. ಈಗ ಓಡಿಸುವವನು ನಾನು, ತಪ್ಪು ಹುಡುಕುವವರು ಮಾತ್ರ ಈಗಲೂ ಅವರೇ.

ಈ ಗಾಡಿಯನ್ನು ಸ್ಟಾರ್ಟ್ ಮಾಡುವುದಕ್ಕೆ ಒಂದು ಕ್ರಮ ಇದೆ. ನನಗೆ ಹನ್ನೆರಡು ವರ್ಷ ಆಗಿದ್ದಾಗಲೇ ಅಪ್ಪ ಅದನ್ನು ಹೇಳಿಕೊಟ್ಟಿದ್ದರು, ಕಿಕ್ಕರ್ ಒತ್ತುವಷ್ಟು ತೂಕ ಇನ್ನೂ ನನಗೆ ಬಂದಿರಲಿಲ್ಲ. ಕೀ ತಿರುಗಿಸಬೇಕು. ಹೆಡ್‌ಲೈಟಿನ ಮೇಲಿರುವ ಆಂಪಿಯರ್ ಮೀಟರಿನ ಮುಳ್ಳು ಸ್ವಲ್ಪ ಮೈನಸ್ ಕಡೆಗೆ ವಾಲುತ್ತದೆ. ಈಗ ಕಿಕ್ಕರನ್ನು ನಿಧಾನಕ್ಕೆ ಒತ್ತುತ್ತಾ ಹೋಗಬೇಕು. ಕಂಪ್ರೆಷನ್ ಸಿಕ್ಕಿ ಕಾಲು ಗಟ್ಟಿಯಾಗುವ ಹೊತ್ತಿಗೆ ಮುಳ್ಳು ಟಕ್ ಅಂತ ನಡುವಿಗೆ ಬಂದು ನಿಲ್ಲುತ್ತದೆ. ಅಲ್ಲಿ ಸಿಲಿಂಡರಿನ ಒತ್ತಡ ಹೊರಬಿಡುವ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಇನ್ನೊಂಚೂರು ಒತ್ತಿ, ಲಿವರ್ ಬಿಟ್ಟು, ಕಿಕ್ಕರನ್ನು ಮೇಲಕ್ಕೆ ತಂದು, ಒಂದೇ ಒದೆ. ಆಗ ಪಿಸ್ಟನ್ ಸರಿಯಾದ ಜಾಗದಿಂದ ಹೊರಡುತ್ತದೆ. ‘ಮುಳ್ಳು ನೋಡಿ ಒದಿ, ಮೈಮೇಲೆ ಬಂದವರ ಹಾಗೆ ಒದೀಬೇಡ’ ಅನ್ನುವುದು ಅಪ್ಪನ ಮಾತು.

ಮುಳ್ಳು ಯಾಕೆ ಅಲ್ಲಾಡುತ್ತದೆ ಅಂತ ನಾನು ಆಗ ಕೇಳಿರಲಿಲ್ಲ. ಈ ಸಲ ಕಾಯಿಲೆ ಬಂದಾಗಲೂ ಅದರ ಬಗ್ಗೆ ಯೋಚನೆ ಮಾಡಲಿಲ್ಲ. ಮಾಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಮೊದಲು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬದಲಿಸಿದೆ, ಅದನ್ನು ಎಲ್ಲರೂ ಮಾಡುತ್ತಾರೆ. ಪ್ಲಗ್ ಕ್ಯಾಪನ್ನೂ ಬದಲಿಸಿದೆ. ಇಪ್ಪತ್ತು ನಿಮಿಷ ಇಪ್ಪತ್ತಾಗಿಯೇ ಉಳಿಯಿತು.

ಮುಂದಿನ ಸಲ ನಿಂತಾಗ ಹಳೇ ಮೆಕ್ಯಾನಿಕ್ ಒಬ್ಬರು ಹೇಳಿದ್ದ ಉಪಾಯ ನೆನಪಾಯಿತು. ಬಟ್ಟೆ ಒದ್ದೆ ಮಾಡಿ, ಪ್ಲಗ್ಗಿಗೆ ಕಿಡಿಯ ಕರೆಂಟು ಕಳಿಸುವ ಇಗ್ನಿಷನ್ ಕಾಯಿಲ್ ಮೇಲೆ ಸುತ್ತಿದೆ. ಐದು ನಿಮಿಷದಲ್ಲಿ ಗಾಡಿ ಸ್ಟಾರ್ಟ್! ಕಳ್ಳ ಸಿಕ್ಕಿಬಿದ್ದ ಅಂತ ಕುಣಿದಾಡಿದೆ. ಬಿಸಿಯಾದ ಕಾಯಿಲ್ ಒಳಗೆ ತಂತಿ ಬಿಟ್ಟುಕೊಳ್ಳುತ್ತಿದೆ, ತಣ್ಣಗಾದಾಗ ಕೂಡಿಕೊಳ್ಳುತ್ತಿದೆ ಅಂತ ನನ್ನ ಲೆಕ್ಕಾಚಾರ. ಹೊಸ ಕಾಯಿಲ್ ಹಾಕಿದೆ. ಇಪ್ಪತ್ತು ನಿಮಿಷ ಹೋಗಿ ಮೂವತ್ತಾಯಿತು. ಕಾಯಿಲೆ ಹೋಗಲಿಲ್ಲ.

ಆಮೇಲೆ ಕಂಡೆನ್ಸರ್ ಸರದಿ. ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಈ ಹೆಬ್ಬೆರಳು ಗಾತ್ರದ ಡಬ್ಬಿಯ ಮೇಲೆ ಸದಾ ಅನುಮಾನ. ಅದರಲ್ಲಿ ಅರ್ಥವೂ ಇದೆ. ಬ್ಯಾಟರಿ ಕರೆಂಟು ಕಾಯಿಲ್ ಮೂಲಕ ಹರಿದು, ಮುಚ್ಚಿದ ಪಾಯಿಂಟ್ (ತೆರೆದು ಮುಚ್ಚುವ ಒಂದು ಪುಟ್ಟ ಸ್ವಿಚ್ಚು) ದಾಟಿ ಅರ್ಥ್ ಆಗುತ್ತಿರುತ್ತದೆ, ಅಂದರೆ ಗಾಡಿಯ ಲೋಹದ ಮೈಗೆ ಸೇರುತ್ತಿರುತ್ತದೆ. ಇಂಜಿನ್ ಜೊತೆ ತಿರುಗುವ ಕ್ಯಾಮಿನ ಉಬ್ಬು ಬಂದು ಪಾಯಿಂಟನ್ನು ತೆರೆದ ಕ್ಷಣ ಆ ಹರಿವು ನಿಲ್ಲುತ್ತದೆ. ಜೋರಾಗಿ ಬರುತ್ತಿರುವ ನಲ್ಲಿಯನ್ನು ತಟ್ಟನೆ ಮುಚ್ಚಿದರೆ ಪೈಪು ‘ಧಡ್’ ಅನ್ನುತ್ತದಲ್ಲ, ಹಾಗೆ. ಆ ಹೊಡೆತ ಕಾಯಿಲ್‌ನ ಎರಡನೇ ತಂತಿಸುತ್ತಿನಲ್ಲಿ ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿಗೆ ಬರುತ್ತದೆ. ಆದರೆ ಪಾಯಿಂಟ್ ಆಗಷ್ಟೇ ಕೂದಲೆಳೆಯಷ್ಟು ತೆರೆದಿರುತ್ತದೆ. ಕರೆಂಟು ಆ ಸಂದಿಯಲ್ಲೇ ಹಾರಿ ಹೋಗಲು ನೋಡುತ್ತದೆ. ಹಾಗಾದರೆ ನಲ್ಲಿ ತಟ್ಟನೆ ಮುಚ್ಚಿದಂತಾಗಲಿಲ್ಲ, ಸೋರುತ್ತಾ ಮುಚ್ಚಿದಂತಾಯಿತು. ಆ ಮೊದಲ ಕ್ಷಣದ ಕರೆಂಟಿಗೆ ಬೇರೆ ಜಾಗ ಕೊಟ್ಟು ಪಾಯಿಂಟ್ ಕಚ್ಚಿ ಹೋಗದ ಹಾಗೆ ಕಾಯುವುದೇ ಕಂಡೆನ್ಸರ್ ಕೆಲಸ. 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿಕೊಟ್ಟ ವ್ಯವಸ್ಥೆಯೂ ಮೂಲದಲ್ಲಿ ಇದೇ. ನಮ್ಮ ಗಾಡಿ ಹುಟ್ಟುವಾಗ ಅದಕ್ಕೆ ಎಂಬತ್ತು ದಾಟಿತ್ತು.

ಕಂಡೆನ್ಸರ್ ಹೋಗಿದ್ದರೆ ಪಾಯಿಂಟಿನ ಮುಖ ಸುಟ್ಟು ಕಪ್ಪಾಗಿರುತ್ತದೆ, ತೆರೆಯುವಾಗ ನೀಲಿ ಬೆಂಕಿ ಕಣ್ಣಿಗೇ ಕಾಣುತ್ತದೆ. ನನ್ನ ಪಾಯಿಂಟ್ ಬೂದುಬಣ್ಣಕ್ಕೆ ಶುಭ್ರವಾಗಿತ್ತು. ಆದರೂ ಬದಲಿಸಿದೆ. ಅನುಮಾನ ಹತ್ತಿದವನಿಗೆ ಸಾಕ್ಷಿ ಯಾಕೆ? ತಂದ ಎರಡು ಹೊಸ ಕಂಡೆನ್ಸರಿನಲ್ಲಿ ಒಂದು ಡಬ್ಬಿಯಿಂದ ತೆಗೆದಾಗಲೇ ಸತ್ತಿತ್ತು. ಅದು ಗೊತ್ತಾಗಲು ಒಂದು ಇಡೀ ಭಾನುವಾರ ಬೇಕಾಯಿತು.

ಇಷ್ಟು ಹೊತ್ತಿಗೆ ಸ್ನೇಹಿತರೆಲ್ಲ ಒಂದೇ ಮಾತು ಶುರು ಮಾಡಿದ್ದರು. ‘ಪಾಯಿಂಟ್ ಕಿತ್ತು ಬಿಸಾಕು, ಎಲೆಕ್ಟ್ರಾನಿಕ್ ಹಾಕು.’ ಹಾಕಿದೆ. ಕ್ಯಾಮ್ ಮೇಲೆ ಕೂರುವ ಒಂದು ಅಯಸ್ಕಾಂತ, ಪಾಯಿಂಟ್ ಇದ್ದ ಜಾಗಕ್ಕೆ ಒಂದು ಸೆನ್ಸರ್, ಟ್ಯಾಂಕಿನ ಕೆಳಗೆ ಒಂದು ಪುಟ್ಟ ಮಾಡ್ಯೂಲ್. ಪಾಯಿಂಟಿಲ್ಲ, ಕಂಡೆನ್ಸರಿಲ್ಲ, ಸವೆಯುವ ಭಾಗವೇ ಇಲ್ಲ. ಜೋಡಿಸಲು ಎರಡು ಗಂಟೆ ಸಾಕಾಯಿತು. ಮೊದಲ ಕಿಕ್ಕಿಗೇ ಸ್ಟಾರ್ಟ್ ಆಯಿತು. ಐಡಲ್ ನಿಜಕ್ಕೂ ಚೆನ್ನಾಗಿ ಕೂತಿತ್ತು, ಸುಳ್ಳು ಹೇಳಬಾರದು.

ಅಪ್ಪ ಹೊರಗೆ ಬಂದರು. ಕೀ ತಿರುಗಿಸಿ, ಬಗ್ಗಿ, ಮೀಟರ್ ನೋಡಿದರು. ಬೆರಳಿನಿಂದ ಗಾಜಿನ ಮೇಲೆ ಎರಡು ಸಲ ತಟ್ಟಿದರು.

‘ಏನೋ ಇದು, ಮುಳ್ಳೇ ಅಲ್ಲಾಡ್ತಿಲ್ವಲ್ಲೋ.’

‘ಅದು ಹಾಗೇ ಅಪ್ಪ. ಇಂಜಿನ್ ತಿರುಗದೆ ಕಾಯಿಲ್‌ಗೆ ಕರೆಂಟ್ ಬಿಡಲ್ಲ ಈ ಮಾಡ್ಯೂಲ್. ಕೀ ಮರೆತರೂ ಕಾಯಿಲ್ ಸುಡಲ್ಲ, ಒಳ್ಳೇದೇ ಅಲ್ವಾ?’

‘ಮತ್ತೆ ಒದೆಯೋದು ಏನು ನೋಡಿಕೊಂಡು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲಿಗೆ ಅಂದಾಜು ಸಿಗುತ್ತದೆ ಅಂದೆ. ಅವರು ಒಳಗೆ ಹೋದರು.

ಅವತ್ತು ಸಂಜೆ ಮೂವತ್ತೈದನೇ ನಿಮಿಷಕ್ಕೆ ಗಾಡಿ ನಿಂತಿತು. ಸಿಟ್ಟಿನಲ್ಲಿ ಮುಳ್ಳೂ ಇಲ್ಲ, ಅಂದಾಜೂ ಇಲ್ಲ, ಮೈಮೇಲೆ ಬಂದವನ ಹಾಗೆಯೇ ಒದ್ದೆ. ಕಿಕ್ಕರ್ ವಾಪಸ್ ಹೊಡೆಯಿತು. ಬುಲೆಟ್ಟಿನ ಕಿಕ್ಕರ್ ವಾಪಸ್ ಹೊಡೆದರೆ ಏನಾಗುತ್ತದೆ ಅಂತ ತಿಂದವರಿಗೇ ಗೊತ್ತು. ಮೀನಖಂಡದ ಮೇಲೆ ಹತ್ತು ದಿನ ನೇರಳೆ ಬಣ್ಣ ಇತ್ತು.

ಕುಂಟುತ್ತಾ ಇದ್ದ ಆ ದಿನಗಳಲ್ಲಿ ಗಾಡಿ ಓಡಿಸಲಾಗದೆ ಕೂತಾಗಲೇ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ್ದು. ಮಲ್ಟಿಮೀಟರ್ ಹೊರಗೆ ತೆಗೆದೆ.

ಕಿಟ್ ಬಿಚ್ಚಿ ಪಾಯಿಂಟ್ ವಾಪಸ್ ಕೂರಿಸಿದೆ, ಅಳೆಯುವುದಕ್ಕೆ ಅದೇ ಸುಲಭ. ಪಾಯಿಂಟ್ ಮುಚ್ಚಿರುವ ಹಾಗೆ ಇಂಜಿನ್ ತಿರುಗಿಸಿ ನಿಲ್ಲಿಸಿ, ಕೀ ಹಾಕಿದೆ. ಕಪ್ಪು ತಂತಿ ಬ್ಯಾಟರಿಯ ಮೈನಸ್ಸಿಗೆ. ಕೆಂಪು ತಂತಿ ಮೊದಲು ಬ್ಯಾಟರಿಯ ಪ್ಲಸ್ಸಿಗೆ: 12.5 ವೋಲ್ಟ್. ಆಮೇಲೆ ಕಾಯಿಲ್‌ಗೆ ಕರೆಂಟು ಬರುವ ಟರ್ಮಿನಲ್ಲಿಗೆ: 10.9.

ಎರಡು ಸಲ ನೋಡಿದೆ. 10.9. ಬ್ಯಾಟರಿಯಿಂದ ಹೊರಟು ಒಂದೂವರೆ ಮಾರು ತಂತಿ ದಾಟುವಷ್ಟರಲ್ಲಿ 1.6 ವೋಲ್ಟ್ ಕಳೆದುಹೋಗಿತ್ತು! ಪಾಯಿಂಟ್ ತೆರೆದಿರುವಾಗ ಅಳೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಆಗ ಕರೆಂಟು ಹರಿಯುವುದಿಲ್ಲ, ಹರಿಯದ ಕರೆಂಟಿಗೆ ತಡೆಯೂ ಕಾಣದು, ಮೀಟರು 12.5 ಅಂತಲೇ ತೋರಿಸುತ್ತದೆ. ಅಳೆಯುವವರು ಒಂದು ಜಾಗ್ರತೆ ಮಾಡಿ. ಪಾಯಿಂಟ್ ಮುಚ್ಚಿರುವಾಗ ಕೀ ಜಾಸ್ತಿ ಹೊತ್ತು ಹಾಕಿಡಬೇಡಿ, ಕಾಯಿಲ್ ಕಾದು ಹಾಳಾಗುತ್ತದೆ.

ಒಂದೊಂದೇ ಗಂಟು ಹಿಡಿದು ಅಳೆಯುತ್ತಾ ಹೋದೆ. ಆಂಪಿಯರ್ ಮೀಟರಿನ ಹಿಂದಿನ ನಟ್ಟಿನಲ್ಲಿ 0.3. ಟ್ಯಾಂಕಿನ ಕೆಳಗಿನ ಒಂದು ತುಕ್ಕು ಹಿಡಿದ ಕನೆಕ್ಟರಿನಲ್ಲಿ 0.2. ಉಳಿದ 1.1 ವೋಲ್ಟನ್ನು ನುಂಗುತ್ತಿದ್ದದ್ದು ಇಗ್ನಿಷನ್ ಸ್ವಿಚ್. ನಾವು ದಿನಾ ತಿರುಗಿಸುವ ಕೀ ಇರುವ ಅದೇ ಸ್ವಿಚ್. ಒಳಗಿನ ಹಿತ್ತಾಳೆ ಪಟ್ಟಿಗಳು ವರ್ಷಾನುಗಟ್ಟಲೆ ಸವೆದು ಕಚ್ಚಿಹೋಗಿದ್ದವು. ಬಿಸಿಯಾದಂತೆ ಇನ್ನೂ ಕೆಡುತ್ತಿತ್ತು. ಇಂಜಿನ್ ಕಾಯಿಸಿ, ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಅಳೆದಾಗ ಕಾಯಿಲ್ ಹತ್ತಿರ 10.2.

ಇದರ ಲೆಕ್ಕ ಹಾಕಿದಾಗ ಒದ್ದೆ ಬಟ್ಟೆಯ ಒಗಟೂ ಬಿಡಿಸಿತು. ನನ್ನ ಕಾಯಿಲ್‌ನ ಮೊದಲ ತಂತಿಸುತ್ತು ತಣ್ಣಗಿರುವಾಗ 3.4 ಓಮ್. ಪೂರ್ತಿ 12.5 ವೋಲ್ಟ್ ಸಿಕ್ಕರೆ 3.7 ಆಂಪಿಯರ್ ಹರಿಯಬೇಕು. ತಾಮ್ರ ಕಾದರೆ ಅದರ ತಡೆ ಏರುತ್ತದೆ, 50 ಡಿಗ್ರಿ ಏರಿದರೆ ಸುಮಾರು ಐದನೇ ಒಂದು ಭಾಗದಷ್ಟು. ಅಂದರೆ ಬಿಸಿ ಕಾಯಿಲ್ 4.1 ಓಮ್. ಅದಕ್ಕೆ ಸಿಗುತ್ತಿರುವುದು 10.2 ವೋಲ್ಟ್. ಹರಿಯುವುದು 2.5 ಆಂಪಿಯರ್. ಕಾಯಿಲ್‌ನಲ್ಲಿ ಕೂಡಿಟ್ಟ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಹಾಗಾಗಿ ಕಿಡಿಗೆ ಸಿಗುವುದು ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆ. ಒದ್ದೆ ಬಟ್ಟೆ ಕಾಯಿಲನ್ನು ತಣ್ಣಗೆ ಮಾಡಿ ಆ ಕರೆಂಟನ್ನು ಒಂಚೂರು ಏರಿಸುತ್ತಿತ್ತು, ಗಾಡಿ ಹೇಗೋ ಹೊರಡುತ್ತಿತ್ತು. ಕಾಯಿಲ್ ಪಾಪ, ಅದರ ತಪ್ಪೇನೂ ಇರಲಿಲ್ಲ. ಮಾಡ್ಯೂಲಿನದ್ದೂ ಇರಲಿಲ್ಲ. ಹತ್ತು ವೋಲ್ಟಿನ ಅಂಚಿನಲ್ಲಿ ಅದಕ್ಕೆ ತಲೆ ಕೆಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಕೊಟ್ಟಿತು, ನನ್ನ ಕಾಲು ಅಲ್ಲಿತ್ತು.

ಹೊಸ ಸ್ವಿಚ್ ಹಾಕಿದರೆ ಮುಗಿಯುತ್ತಿತ್ತು, ನಿಜ. ಆದರೆ ಅಪ್ಪನ ಹಳೇ ಕೀ ಬಿಡಲು ಮನಸ್ಸಿರಲಿಲ್ಲ, ಹೊಸ ಸ್ವಿಚ್ಚೂ ನಾಳೆ ಸವೆಯುವುದೇ. ಹಾಗಾಗಿ ರಿಲೇ ಹಾಕಿದೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು. ಕಾರುಗಳಲ್ಲಿ ಹಾರ್ನಿಗೆ, ಲೈಟಿಗೆ ಹಾಕುವ ಅದೇ ನಾಲ್ಕು ಕಾಲಿನ ಕಪ್ಪು ಪೆಟ್ಟಿಗೆ. ಸ್ವಿಚ್ಚಿನಿಂದ ಬರುವ ತಂತಿ ಈಗ ಕಾಯಿಲ್‌ಗೆ ಹೋಗುವುದಿಲ್ಲ, ರಿಲೇಯ 86ನೇ ಕಾಲಿಗೆ ಹೋಗುತ್ತದೆ. 85 ಅರ್ಥ್. ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ದಾಟಿ ದಪ್ಪ ತಂತಿಯೊಂದು ನೇರ 30ಕ್ಕೆ. 87ರಿಂದ ಕಾಯಿಲ್‌ಗೆ. ಸವೆದ ಸ್ವಿಚ್ಚು ಈಗ ರಿಲೇಯನ್ನು ಎಚ್ಚರಿಸುವಷ್ಟು ಕರೆಂಟು ಬಿಟ್ಟರೆ ಸಾಕು. ಅದು ಒಂದು ಆಂಪಿಯರಿನ ಐದನೇ ಒಂದು ಭಾಗವೂ ಇಲ್ಲ. ಕಾಯಿಲ್ ಹತ್ತಿರ ಅಳೆದೆ: 12.3.

ಒಂದು ಗಂಟೆ ಓಡಿಸಿದೆ. ನಿಲ್ಲಲಿಲ್ಲ. ಇನ್ನೊಂದು ಗಂಟೆ ಓಡಿಸಿದೆ. ಏರಿನಲ್ಲಿ ಮೂರನೇ ಗೇರಿಗೆ ಇಳಿಸಬೇಕಾಗಿದ್ದ ಜಾಗದಲ್ಲಿ ನಾಲ್ಕರಲ್ಲೇ ಎಳೆಯಿತು. ಮನೆಗೆ ಬಂದು ಗಾಡಿಯನ್ನು ಅಪ್ಪನ ಎದುರು ನಿಲ್ಲಿಸಿ, ಕೀ ಅವರ ಕೈಗೆ ಕೊಟ್ಟೆ. ಅವರು ಕೂತರು. ಕೀ ತಿರುಗಿಸಿದರು. ಕಿಕ್ಕರ್ ಮೇಲೆ ಕಾಲಿಟ್ಟು ನಿಧಾನಕ್ಕೆ ಒತ್ತಿದರು. ಮತ್ತೆ ಒತ್ತಿದರು. ಮೀಟರ್ ನೋಡಿದರು, ನನ್ನನ್ನು ನೋಡಿದರು.

ಮುಳ್ಳು ಅಲ್ಲಾಡಲಿಲ್ಲ.

ತಪ್ಪು ಹೊಳೆಯಲು ನನಗೆ ಅರ್ಧ ನಿಮಿಷ ಬೇಕಾಯಿತು. ಮುಳ್ಳು ಮೈನಸ್ ಕಡೆ ವಾಲುವುದು ಮುಚ್ಚಿದ ಪಾಯಿಂಟ್ ಮೂಲಕ ಕಾಯಿಲ್‌ಗೆ ಕರೆಂಟು ಹರಿಯುವಾಗ. ಪಾಯಿಂಟ್ ತೆರೆದಾಗ ಹರಿವು ನಿಂತು ನಡುವಿಗೆ ಬರುತ್ತದೆ. ಕ್ಯಾಮ್ ತಿರುಗುವುದು ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಅದಕ್ಕಿರುವುದು ಒಂದೇ ಉಬ್ಬು. ಆದ್ದರಿಂದ ಮುಳ್ಳು ನಡುವಿಗೆ ಬಂತು ಎಂದರೆ ಪಿಸ್ಟನ್ ಕಂಪ್ರೆಷನ್ನಿನ ತುದಿಗೆ ಬಂದಿದೆ ಎಂದೇ ಅರ್ಥ. ಇಷ್ಟು ವರ್ಷ ಆ ಮೀಟರು ನಮಗೆ ಪಾಯಿಂಟ್ ತೆರೆದದ್ದನ್ನು, ಮುಚ್ಚಿದ್ದನ್ನು ತೋರಿಸುತ್ತಾ ಇತ್ತು. ನಾನು ಬ್ಯಾಟರಿಯಿಂದ ನೇರ ತಂತಿ ಎಳೆದು ಮೀಟರನ್ನೇ ದಾರಿಯಿಂದ ಆಚೆ ಇಟ್ಟುಬಿಟ್ಟಿದ್ದೆ. ಕಾಯಿಲ್ ಕರೆಂಟು ಈಗ ಅದರೊಳಗೆ ಹಾಯುವುದೇ ಇಲ್ಲ.

‘ಗಾಡಿ ಚೆನ್ನಾಗಿ ಓಡ್ತಿದೆ ಅಪ್ಪ’ ಅಂದೆ.

‘ಓಡ್ಲಿ. ನಂಗೆ ಮುಳ್ಳು ಬೇಕು.’

ಮರುದಿನ ಹೆಡ್‌ಲೈಟ್ ಮತ್ತೆ ಬಿಚ್ಚಿದೆ. ಮೀಟರಿನ ಹಿಂದಿನ ಎರಡೂ ನಟ್ಟು ತೆಗೆದು, ಲಗ್ಗುಗಳನ್ನು ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. ಬ್ಯಾಟರಿಯಿಂದ ಮೀಟರಿಗೆ ಬರುವ ತಂತಿಯನ್ನೂ ದಪ್ಪದ್ದಕ್ಕೆ ಬದಲಿಸಿ, ಫ್ಯೂಸನ್ನು ಅದರ ಬುಡಕ್ಕೆ ತಂದೆ. ಹೆಡ್‌ಲೈಟು, ಹಾರ್ನು ಎಲ್ಲ ಈಗ ಅದರ ಹಿಂದೆಯೇ ಆದ್ದರಿಂದ ಫ್ಯೂಸನ್ನು 15ಕ್ಕೆ ಏರಿಸಿದೆ. ರಿಲೇಯ 30ನೇ ಕಾಲಿನ ತಂತಿಯನ್ನು ಬ್ಯಾಟರಿಯಿಂದ ಬಿಡಿಸಿ ಮೀಟರಿನ ಆಚೆ ಬದಿಗೆ ತಂದು ಕೂರಿಸಿದೆ. ಅಂದರೆ ಬ್ಯಾಟರಿ, ಮೀಟರ್, ರಿಲೇ, ಕಾಯಿಲ್, ಈ ಸಾಲು. ಕಾಯಿಲ್ ಹತ್ತಿರ 12.2. ಕಳೆದುಕೊಂಡದ್ದು 0.1 ವೋಲ್ಟ್. ಮುಳ್ಳು ಮೈನಸ್‌ಗೆ ವಾಲಿತು, ಒತ್ತಿದಾಗ ಟಕ್ ಅಂತ ನಡುವಿಗೆ ಬಂತು. ಅಪ್ಪನನ್ನು ಕರೆಯುವ ಮೊದಲು ನಾಲ್ಕು ಸಲ ಸುಮ್ನೆ ಒತ್ತಿ ನೋಡಿದೆ.

ಎಲೆಕ್ಟ್ರಾನಿಕ್ ಕಿಟ್ ಮತ್ತೆ ಹಾಕಲಿಲ್ಲ. ಅದು ಕೆಟ್ಟದ್ದು ಅಂತಲ್ಲ. ಎರಡು, ನಾಲ್ಕು ಸಿಲಿಂಡರಿನ ಗಾಡಿಗಳಲ್ಲಿ, ಜಾಸ್ತಿ ಆರ್‌ಪಿಎಂ ತಿರುಗುವ ಇಂಜಿನ್ನುಗಳಲ್ಲಿ ನಾನಾದರೂ ಅದನ್ನೇ ಹಾಕುತ್ತೇನೆ. ಈ ಇಂಜಿನ್ 3000 ಆರ್‌ಪಿಎಂ ತಿರುಗಿದರೂ ಬೇಕಾಗುವುದು ಸೆಕೆಂಡಿಗೆ 25 ಕಿಡಿ. ಅಷ್ಟು ಕೆಲಸ ಪಾಯಿಂಟಿಗೆ ಒಂದು ಭಾರವಲ್ಲ. ನಡುದಾರಿಯಲ್ಲಿ ಪಾಯಿಂಟ್ ಕೈಕೊಟ್ಟರೆ ಜೇಬಿನಲ್ಲಿರುವ ಕಾಗದದ ಚೂರು ಸಾಕು ಒರೆಸಲು. ಮಾಡ್ಯೂಲ್ ಕೈಕೊಟ್ಟರೆ ನೋಡುತ್ತಾ ನಿಲ್ಲಬೇಕು.

ಪಾಯಿಂಟ್ ಇಟ್ಟುಕೊಂಡ ಮೇಲೆ ಅದರ ಚಾಕರಿಯೂ ಮಾಡಬೇಕಲ್ಲ. ಗ್ಯಾಪ್ 0.35ರಿಂದ 0.40 ಮಿಮೀ. ಸಂದಿ ಅಳೆಯುವ ತೆಳು ಪಟ್ಟಿಯನ್ನು, ಅಂದರೆ ಫೀಲರ್ ಗೇಜನ್ನು ಎಳೆದಾಗ ಬೆಣ್ಣೆಯಲ್ಲಿ ಚಾಕು ಎಳೆದ ಹಾಗಿರಬೇಕು, ಗೀಚಿದ ಹಾಗೆ ಇರಬಾರದು. ಗ್ಯಾಪ್ ಮೊದಲು, ಕಿಡಿ ಹತ್ತುವ ಹೊತ್ತು ಅಂದರೆ ಟೈಮಿಂಗ್ ಆಮೇಲೆ. ಯಾಕೆಂದರೆ ಗ್ಯಾಪ್ ಬದಲಿಸಿದರೆ ಟೈಮಿಂಗೂ ಬದಲಾಗುತ್ತದೆ. ಕ್ಯಾಮ್ ಮೇಲೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದ ಹಾಗೆ ಗ್ಯಾಪ್ ಕಿರಿದಾಗಿ, ಪಾಯಿಂಟ್ ತಡವಾಗಿ ತೆರೆದು, ಗಾಡಿ ಮೆತ್ತಗಾಗುತ್ತಾ ಹೋಗುತ್ತದೆ. ಅದು ಎಷ್ಟು ನಿಧಾನಕ್ಕೆ ಆಗುತ್ತದೆ ಎಂದರೆ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಕ್ಯಾಮ್ ಮೇಲೆ ಒಂದು ಚುಕ್ಕೆ ಗ್ರೀಸ್ ಇಟ್ಟರೆ ಸವೆತ ಕಡಿಮೆ. ಒಂದೇ ಚುಕ್ಕೆ, ಜಾಸ್ತಿ ಇಟ್ಟರೆ ಹಾರಿ ಪಾಯಿಂಟ್ ಮೇಲೆ ಕೂರುತ್ತದೆ.

ಟೈಮಿಂಗ್ ನನ್ನ ಮ್ಯಾನ್ಯುಯಲ್ ಪ್ರಕಾರ ಪಿಸ್ಟನ್ ತುದಿಗೆ ಬರುವ 0.8 ಮಿಮೀ ಮೊದಲು, ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಅಡ್ವಾನ್ಸ್ ತೂಕಗಳು ಪೂರ್ತಿ ಮುದುಡಿರುವಾಗ. ತೊಂಬತ್ತು ಮಿಮೀ ಓಡಾಟದಲ್ಲಿ 0.8! ಪ್ಲಗ್ ತೂತಿನಿಂದ ಹಳೇ ಸೈಕಲ್ ಸ್ಪೋಕ್ ಬಿಟ್ಟು ಅಳೆಯುತ್ತೇನೆ. ತೂತು ಓರೆಯಾಗಿರುವುದರಿಂದ ಈ ಅಳತೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಪಾಯಿಂಟ್ ಟರ್ಮಿನಲ್ಲಿಗೂ ಅರ್ಥಿಗೂ ನಡುವೆ ಒಂದು ಸಣ್ಣ ಬಲ್ಬ್ ಕಟ್ಟಿದರೆ, ಪಾಯಿಂಟ್ ತೆರೆದ ಕ್ಷಣ ಅದು ಹತ್ತುತ್ತದೆ. ಬಲ್ಬ್ ಇಲ್ಲದಿದ್ದರೂ ಮುಳ್ಳು ಇದೆಯಲ್ಲ. ಕೊನೆಗೆ ಏರಿನಲ್ಲಿ ಎಳೆಸಿ ಕಿವಿಗೊಡುತ್ತೇನೆ. ಕಿಣಿಕಿಣಿ ಅಂದರೆ ಟೈಮಿಂಗ್ ಒಂದು ಕೂದಲು ಹಿಂದಕ್ಕೆ.

ಕಂಡೆನ್ಸರ್ ವಿಷಯದಲ್ಲಿ ಮಾತ್ರ ಹಳೇದನ್ನು ಬಿಟ್ಟೆ. ಡಬ್ಬಿಯಿಂದ ತೆಗೆದಾಗಲೇ ಸತ್ತಿದ್ದ ಆ ಒಂದನ್ನು ಮರೆಯಲಾಗಲಿಲ್ಲ. 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಒಂದು ಫಿಲ್ಮ್ ಕೆಪಾಸಿಟರ್ ತಂದು, ಇಂಜಿನ್ ಬಿಸಿಯಿಂದ ದೂರ, ಟ್ಯಾಂಕಿನ ಕೆಳಗೆ ಕಾಯಿಲ್ ಪಕ್ಕದಲ್ಲೇ ಕಟ್ಟಿದೆ. ಒಂದು ಕಾಲು ಪಾಯಿಂಟಿಗೆ ಹೋಗುವ ತಂತಿಗೆ, ಇನ್ನೊಂದು ಫ್ರೇಮಿನ ಅರ್ಥಿಗೆ. ಹೊರಗಿನಿಂದ ಕಾಣುವುದಿಲ್ಲ. ಅಪ್ಪನಿಗೆ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಹಳೇ ಕಾಯಿಲ್, ಎಲೆಕ್ಟ್ರಾನಿಕ್ ಕಿಟ್, ಮೂರು ಪ್ಲಗ್ಗು, ಸತ್ತ ಒಂದು ಕಂಡೆನ್ಸರ್, ಬದುಕಿರುವ ಎರಡು, ಎಲ್ಲ ಶೆಡ್ಡಿನ ಒಂದು ಡಬ್ಬಿಯಲ್ಲಿವೆ. ಆ ಡಬ್ಬಿ ಮುಚ್ಚುವಾಗ ಮಲ್ಟಿಮೀಟರ್ ಇನ್ನೂ ಕೈಯಲ್ಲೇ ಇತ್ತು. ಅದನ್ನೂ ಒಳಗಿಟ್ಟು ಮುಚ್ಚಿದ್ದರೆ ಆಗುತ್ತಿತ್ತು. ಸುಮ್ನಿರಲಾರದೆ ಹೆಡ್‌ಲೈಟ್ ಹಾಕಿ, ಬಲ್ಬಿನ ಹಿಂದೆ ಅಳೆದೆ.

10.4.

ಅಪ್ಪ ಒಳಗಿನಿಂದ, ‘ಇನ್ನೂ ಏನೋ ಮಾಡ್ತಿದೀಯ ಅಲ್ಲಿ?’ ಅಂದರು. ‘ಏನಿಲ್ಲ ಅಪ್ಪ, ಮುಗೀತು’ ಅಂದು ಮತ್ತೆ ಸ್ಕ್ರೂಡ್ರೈವರ್ ಹುಡುಕಿದೆ.